ಒಂದು ಬ್ರೌಸರ್‌ನಲ್ಲಿ ಮಾತ್ರ ಕೆಲಸ ಮಾಡದ ಅರ್ಜಿ ಪುಟ: ಅರ್ಜಿದಾರರಿಗೆ ಮಾಹಿತಿ

ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಹಲವರು ಒಂದು ವಿಚಿತ್ರ ತೊಂದರೆಯನ್ನು ಎದುರಿಸುತ್ತಾರೆ. ನಮೂನೆಯನ್ನು ಪೂರ್ಣವಾಗಿ ಭರ್ತಿ ಮಾಡಿ 'ಸಲ್ಲಿಸಿ' ಗುಂಡಿಯನ್ನು ಒತ್ತಿದರೆ ಏನೂ ಆಗುವುದಿಲ್ಲ. ಜಿಲ್ಲೆಯನ್ನು ಆಯ್ಕೆ ಮಾಡಿದರೂ ತಾಲ್ಲೂಕುಗಳ ಪಟ್ಟಿ ಖಾಲಿಯಾಗಿಯೇ ಉಳಿಯುತ್ತದೆ. ಶುಲ್ಕ ಪಾವತಿಯಾದ ನಂತರ ಸ್ವೀಕೃತಿಯ ಬದಲು ಬಿಳಿಯ ಪುಟ ಕಾಣಿಸುತ್ತದೆ. ಅದೇ ಪುಟವನ್ನು ಬೇರೆ ಬ್ರೌಸರ್‌ನಲ್ಲಿ ತೆರೆದಾಗ ಎಲ್ಲವೂ ಸರಿಯಾಗಿರುತ್ತದೆ. ಇಂತಹ ಸಂದರ್ಭದಲ್ಲಿ ತಮ್ಮ ದಾಖಲೆಗಳಲ್ಲಿಯೇ ಲೋಪವಿದೆಯೆಂದು ಭಾವಿಸಿ ಹೊಸ ಪ್ರಮಾಣಪತ್ರಕ್ಕಾಗಿ ಅಲೆಯುವವರುಂಟು. ಎರಡನೆಯ ಬಾರಿ ಶುಲ್ಕ ಪಾವತಿಸುವವರೂ ಉಂಟು. ಒಂದು ಬ್ರೌಸರ್‌ನಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ದೋಷವು ದಾಖಲೆಗಳದ್ದಲ್ಲ ಎಂಬುದನ್ನು ಅರ್ಜಿದಾರರು ಮೊದಲು ಗಮನಿಸತಕ್ಕದ್ದು.

ವ್ಯತ್ಯಾಸ ಏಕೆ ಉಂಟಾಗುತ್ತದೆ

ಜಾಲತಾಣದಿಂದ ಗಣಕಯಂತ್ರಕ್ಕೆ ಬರುವುದು ಸಿದ್ಧಪಡಿಸಿದ ಪುಟವಲ್ಲ; ಪುಟವನ್ನು ಹೇಗೆ ಕಟ್ಟಬೇಕೆಂಬ ಸೂಚನೆಗಳು. ಅವುಗಳನ್ನು ಓದಿ ಪುಟವನ್ನು ಕಟ್ಟುವ ತಂತ್ರಾಂಶವೇ ಬ್ರೌಸರ್. ಕ್ರೋಮ್, ಫೈರ್‌ಫಾಕ್ಸ್ ಮತ್ತು ಸಫಾರಿ ಈ ಕೆಲಸವನ್ನು ಬೇರೆ ಬೇರೆ ಎಂಜಿನ್‌ಗಳ ಮೂಲಕ ಮಾಡುತ್ತವೆ. ಮೈಕ್ರೋಸಾಫ್ಟ್ ಎಡ್ಜ್ ಮಾತ್ರ 2020ರ ಜನವರಿಯಿಂದ ಕ್ರೋಮ್‌ನ ಎಂಜಿನ್ನನ್ನೇ ಬಳಸುತ್ತಿದೆ. ಆದುದರಿಂದ ಕ್ರೋಮ್‌ನಲ್ಲಿ ತೊಂದರೆಯಾದಾಗ ಫೈರ್‌ಫಾಕ್ಸ್‌ನಲ್ಲಿ ಪರೀಕ್ಷಿಸುವುದು ಹೆಚ್ಚು ಉಪಯುಕ್ತ. ಎಡ್ಜ್‌ನಲ್ಲಿ ಪುಟ ಸರಿಯಾಗಿ ಬಂದು ಕ್ರೋಮ್‌ನಲ್ಲಿ ಬಾರದಿದ್ದರೆ, ಕಾರಣವು ಬಹುತೇಕ ಕ್ರೋಮ್‌ನಲ್ಲಿ ಸಂಗ್ರಹವಾಗಿರುವ ಹಳೆಯ ಕಡತಗಳಲ್ಲಿ ಅಥವಾ ಅದಕ್ಕೆ ಸೇರಿಸಿರುವ ಎಕ್ಸ್‌ಟೆನ್ಷನ್‌ಗಳಲ್ಲಿರುತ್ತದೆ.

ಕನ್ನಡ ಓದುಗರಿಗೆ ಈ ಸಮಸ್ಯೆ ಹೊಸದೇನಲ್ಲ. 2000ರ ದಶಕದಲ್ಲಿ ಅನೇಕ ಕನ್ನಡ ತಾಣಗಳು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮಾತ್ರ ಓದಬಲ್ಲ ಡೈನಾಮಿಕ್ ಫಾಂಟ್‌ಗಳನ್ನು ಬಳಸುತ್ತಿದ್ದವು. ಬೇರೆ ಬ್ರೌಸರ್‌ನಲ್ಲಿ ತೆರೆದವರಿಗೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತಿದ್ದವು. ಯುನಿಕೋಡ್ ಬಳಕೆಗೆ ಬಂದ ಮೇಲೆ ಆ ತೊಡಕು ನಿವಾರಣೆಯಾಯಿತು. ಆದರೆ ನುಡಿ ತಂತ್ರಾಂಶದ ಹಳೆಯ ಅಕ್ಷರ ಸಂಕೇತದಲ್ಲಿ ಬೆರಳಚ್ಚು ಮಾಡಿದ ಹೆಸರು, ವಿಳಾಸಗಳನ್ನು ನಮೂನೆಗೆ ನಕಲಿಸಿದರೆ ಇಂದಿಗೂ ಅದೇ ಗೋಜಲು ಕಾಣುತ್ತದೆ. ಅದು ಎಲ್ಲ ಬ್ರೌಸರ್‌ಗಳಲ್ಲಿಯೂ ಕಾಣುವುದರಿಂದ ಬ್ರೌಸರ್ ಬದಲಿಸಿ ಪ್ರಯೋಜನವಿಲ್ಲ. ಯುನಿಕೋಡ್‌ನಲ್ಲಿ ಮತ್ತೆ ಬೆರಳಚ್ಚು ಮಾಡತಕ್ಕದ್ದು. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ನೀಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2022ರ ಜೂನ್ 15ರಂದು ನಿಲ್ಲಿಸಿರುತ್ತದೆ. ಅದರಲ್ಲಿ ಅರ್ಜಿ ಸಲ್ಲಿಸಲು ಪ್ರಯತ್ನಿಸುವುದು ಸೂಕ್ತವಲ್ಲ.

ಕಾರಣ ಪತ್ತೆ ಮಾಡುವ ಕ್ರಮ

ಮೊದಲು ಪುಟವನ್ನು ಖಾಸಗಿ ವಿಂಡೋದಲ್ಲಿ ತೆರೆದು ನೋಡಬೇಕು. ಕ್ರೋಮ್ ಮತ್ತು ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎನ್ ಕೀಲಿಗಳನ್ನು, ಫೈರ್‌ಫಾಕ್ಸ್‌ನಲ್ಲಿ ಎನ್ ಬದಲು ಪಿ ಕೀಲಿಯನ್ನು ಒಟ್ಟಿಗೆ ಒತ್ತಿದರೆ ಈ ವಿಂಡೋ ತೆರೆಯುತ್ತದೆ. ಹಿಂದಿನ ಭೇಟಿಗಳ ಕುಕಿಗಳನ್ನು ಇದು ಬಳಸುವುದಿಲ್ಲ. ಸಾಮಾನ್ಯವಾಗಿ ಎಕ್ಸ್‌ಟೆನ್ಷನ್‌ಗಳೂ ಇದರಲ್ಲಿ ಕೆಲಸ ಮಾಡುವುದಿಲ್ಲ. ಇಲ್ಲಿ ಪುಟ ಸರಿಯಾಗಿ ನಡೆದರೆ ಅರ್ಜಿಯನ್ನು ಇಲ್ಲಿಯೇ ಪೂರ್ಣಗೊಳಿಸಬಹುದು. ಕೊನೆಯ ದಿನಾಂಕ ಸಮೀಪಿಸಿದಾಗ ಮೂಲ ಕಾರಣವನ್ನು ಹುಡುಕುತ್ತ ಕೂರುವುದಕ್ಕಿಂತ ಇದೇ ಲೇಸು.

ಕಾಲಾವಕಾಶವಿದ್ದಲ್ಲಿ, ಸಾಮಾನ್ಯ ವಿಂಡೋದಲ್ಲಿ ಕಂಟ್ರೋಲ್ ಮತ್ತು ಎಫ್5 ಕೀಲಿಗಳನ್ನು ಒತ್ತಿ ಪುಟವನ್ನು ಹೊಸದಾಗಿ ತರಿಸಿಕೊಳ್ಳಬೇಕು. ನಮೂನೆಯನ್ನು ಪರಿಷ್ಕರಿಸಿದ ದಿನಗಳಲ್ಲಿ ಬ್ರೌಸರ್ ಹಳೆಯ ಕಡತಗಳನ್ನೇ ಬಳಸುವುದರಿಂದ ಗುಂಡಿಗಳು ನಿಷ್ಕ್ರಿಯವಾಗುವುದುಂಟು. ಅದರಿಂದಲೂ ಸರಿಹೋಗದಿದ್ದರೆ ಸದರಿ ಜಾಲತಾಣಕ್ಕೆ ಸಂಬಂಧಿಸಿದ ಕುಕಿಗಳನ್ನು ಮಾತ್ರ ಅಳಿಸಿ ಮರಳಿ ಲಾಗಿನ್ ಆಗಬೇಕು. ಎಲ್ಲ ತಾಣಗಳ ಮಾಹಿತಿಯನ್ನು ಒಮ್ಮೆಗೇ ಅಳಿಸುವುದು ಅನವಶ್ಯಕ. ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಕಳೆದುಕೊಂಡು ಪರಿತಪಿಸುವ ಸಂಭವವಿರುತ್ತದೆ. ನಂತರ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ಸ್ಥಗಿತಗೊಳಿಸಿ ನೋಡಬಹುದು.

ಬ್ರೌಸರ್‌ನ ಸ್ವಯಂ ಭಾಷಾಂತರ ಸೌಲಭ್ಯವನ್ನೂ ಗಮನಿಸಬೇಕು. ಇದು ಕನ್ನಡ ಪುಟವನ್ನು ಇಂಗ್ಲಿಷಿಗೆ ಪರಿವರ್ತಿಸುವಾಗ ಪುಟದ ಒಳರಚನೆಯನ್ನೇ ಬದಲಿಸುತ್ತದೆ. ಇದರಿಂದ ಆಯ್ಕೆ ಪಟ್ಟಿಗಳು ಕೆಡಬಹುದು. ಊರುಗಳ ಹೆಸರುಗಳೂ ಭಾಷಾಂತರಗೊಂಡು ಹೂವಿನಹಡಗಲಿಯನ್ನು ಹುಡುಕುವವರು ಗೊಂದಲಕ್ಕೀಡಾಗಬಹುದು. ಅರ್ಜಿ ಭರ್ತಿ ಮಾಡುವಾಗ ಈ ಸೌಲಭ್ಯವನ್ನು ನಿಲ್ಲಿಸಿರತಕ್ಕದ್ದು.

ಖಾಸಗಿ ವಿಂಡೋದಲ್ಲಿಯೂ ತೊಂದರೆ ಮುಂದುವರಿದರೆ ಬ್ರೌಸರ್‌ನ ಆವೃತ್ತಿಯನ್ನು ಪರಿಶೀಲಿಸಬೇಕು. ವಿಂಡೋಸ್ 7 ಮತ್ತು 8.1ರಲ್ಲಿ ನಡೆಯುವ ಕ್ರೋಮ್‌ನ ಕಡೆಯ ಆವೃತ್ತಿ 109. ಅದು ಬಂದದ್ದು 2023ರ ಜನವರಿಯಲ್ಲಿ. ಅಂತಹ ಯಂತ್ರಗಳಲ್ಲಿ 'ಅಪ್‌ಡೇಟ್' ಎಷ್ಟು ಬಾರಿ ಒತ್ತಿದರೂ ಹೊಸ ಆವೃತ್ತಿ ಬರುವುದಿಲ್ಲ. ಬೇರೆ ಯಂತ್ರ ಅಥವಾ ಮೊಬೈಲ್ ಬಳಸುವುದೇ ಮಾರ್ಗ.

ಎಲ್ಲ ಬ್ರೌಸರ್‌ಗಳಲ್ಲಿಯೂ 'ಸಂಪರ್ಕ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬಂದಲ್ಲಿ ಯಂತ್ರದ ದಿನಾಂಕವನ್ನು ನೋಡಬೇಕು. ಒಳಗಿನ ಬ್ಯಾಟರಿ ಮುಗಿದ ಹಳೆಯ ಯಂತ್ರಗಳಲ್ಲಿ ದಿನಾಂಕ ಹಲವು ವರ್ಷ ಹಿಂದೆ ಸರಿದಿರುತ್ತದೆ. ದಿನಾಂಕ ಸರಿಯಿದ್ದೂ ಎಚ್ಚರಿಕೆ ಮುಂದುವರಿದರೆ, ಅದನ್ನು ಕಡೆಗಣಿಸಿ ಆಧಾರ್ ಅಥವಾ ಬ್ಯಾಂಕ್ ವಿವರಗಳನ್ನು ನಮೂದಿಸಬಾರದು.

ಶುಲ್ಕ ಪಾವತಿಯ ಹಂತದಲ್ಲಿ ಪುಟ ನಿಂತರೆ

ಹೆಚ್ಚಿನ ನಷ್ಟವಾಗುವುದು ಈ ಹಂತದಲ್ಲಿ. ಪಾವತಿ ಪುಟ ಅಥವಾ ಸ್ವೀಕೃತಿ ಹೊಸ ವಿಂಡೋದಲ್ಲಿ ತೆರೆಯುವಂತಿದ್ದು, ಪಾಪ್-ಅಪ್ ತಡೆ ಚಾಲನೆಯಲ್ಲಿದ್ದರೆ, ಹಣ ಕಡಿತವಾಗಿಯೂ ಸ್ವೀಕೃತಿ ಕಾಣದೆ ಹೋಗಬಹುದು. ಆಗ ಹಿಂದಿನ ಪುಟಕ್ಕೆ ಮರಳುವುದಾಗಲಿ, ಪುಟವನ್ನು ಮತ್ತೆ ಲೋಡ್ ಮಾಡುವುದಾಗಲಿ ಕೂಡದು. ಬ್ಯಾಂಕಿನ ಸಂದೇಶದಲ್ಲಿರುವ ವಹಿವಾಟು ಸಂಖ್ಯೆಯನ್ನು ಬರೆದಿಟ್ಟುಕೊಂಡು, ಇನ್ನೊಂದು ಬ್ರೌಸರ್‌ನಲ್ಲಿ ಲಾಗಿನ್ ಆಗಿ ಅರ್ಜಿಯ ಸ್ಥಿತಿಯನ್ನು ನೋಡಬೇಕು. ಪಾವತಿ ದಾಖಲಾಗಿದ್ದರೆ ಸ್ವೀಕೃತಿಯನ್ನು ಅಲ್ಲಿಂದಲೇ ಮುದ್ರಿಸಿಕೊಳ್ಳಬಹುದು. ಕೆಟ್ಟದ್ದು ಪುಟವೇ ಹೊರತು ಅರ್ಜಿಯಲ್ಲ.

ಪಾವತಿ ದಾಖಲಾಗದೆ ಹಣ ಮಾತ್ರ ಕಡಿತವಾಗಿದ್ದಲ್ಲಿ, ಭಾರತೀಯ ರಿಸರ್ವ್ ಬ್ಯಾಂಕಿನ 20-09-2019ರ ಸುತ್ತೋಲೆಯು ಅನ್ವಯವಾಗುತ್ತದೆ. ಯುಪಿಐ ಮೂಲಕ ಅಥವಾ ಅಂತರ್ಜಾಲದಲ್ಲಿ ಕಾರ್ಡ್ ಮೂಲಕ ಮಾಡಿದ ಪಾವತಿಗೆ ಸ್ವೀಕರಿಸುವವರ ಕಡೆಯಲ್ಲಿ ದೃಢೀಕರಣ ದೊರೆಯದಿದ್ದರೆ, ವಹಿವಾಟಿನ ದಿನದ ನಂತರ 5 ದಿನಗಳೊಳಗೆ ಹಣ ತಾನಾಗಿಯೇ ಮರಳಿ ಜಮೆಯಾಗಬೇಕು. ಆ ಬಳಿಕ ವಿಳಂಬವಾದ ಪ್ರತಿ ದಿನಕ್ಕೆ 100 ರೂ. ಪರಿಹಾರವಿದೆ. ಕೊನೆಯ ದಿನಾಂಕ ಅದಕ್ಕೂ ಮೊದಲೇ ಇದ್ದಲ್ಲಿ, ಪುನಃ ಪಾವತಿಸುವ ಮುನ್ನ ಸಹಾಯವಾಣಿಗೆ ಲಿಖಿತವಾಗಿ ತಿಳಿಸುವುದು ಒಳಿತು.

ದೂರು ಸಲ್ಲಿಸುವಾಗ

'ವೆಬ್‌ಸೈಟ್ ಓಪನ್ ಆಗುತ್ತಿಲ್ಲ' ಎಂಬ ಒಂದೇ ಸಾಲಿನ ದೂರಿನಿಂದ ತಾಂತ್ರಿಕ ಸಿಬ್ಬಂದಿಗೆ ಏನೂ ತಿಳಿಯುವುದಿಲ್ಲ. ಅರ್ಜಿ ಸಂಖ್ಯೆ, ಬ್ರೌಸರ್‌ನ ಹೆಸರು ಮತ್ತು ಆವೃತ್ತಿ, ತೊಂದರೆಯಾದ ದಿನಾಂಕ ಹಾಗೂ ವೇಳೆ, ಯಾವ ಗುಂಡಿ ಒತ್ತಿದಾಗ ಪುಟ ನಿಂತಿತು, ಬೇರೆ ಬ್ರೌಸರ್‌ನಲ್ಲಿ ಅದೇ ಪುಟ ನಡೆಯಿತೇ ಎಂಬ ವಿವರಗಳೊಂದಿಗೆ ಪರದೆಯ ಚಿತ್ರವನ್ನು ಲಗತ್ತಿಸತಕ್ಕದ್ದು. ಚಿತ್ರದಲ್ಲಿ ಆಧಾರ್ ಸಂಖ್ಯೆ ಕಾಣುತ್ತಿದ್ದರೆ ಅದನ್ನು ಮರೆಮಾಡಬೇಕು. ಪಾಸ್‌ವರ್ಡ್ ಮತ್ತು ಒಟಿಪಿಗಳನ್ನು, ಸಹಾಯವಾಣಿಯ ಸಿಬ್ಬಂದಿ ಎಂದು ಹೇಳಿಕೊಂಡು ಕೇಳಿದವರಿಗೂ, ನೀಡತಕ್ಕದ್ದಲ್ಲ.