ಉತ್ತರಕ್ಕಾಗಿ ಕಾದು ನಿಲ್ಲುವ ಗೆಳತಿ

ಮೊಬೈಲ್ ಆಟವೆಂದರೆ ಗುಂಡು ಹಾರಿಸುವುದು, ಕಾರು ಓಡಿಸುವುದು ಎಂದೇ ನಾವು ಹಿರಿಯರು ತಿಳಿದಿದ್ದೇವೆ. ಹದಿಹರೆಯದವರ ಕೈಯಲ್ಲಿ ಈಗ ಇನ್ನೊಂದು ಬಗೆಯ ಆಟವೂ ಇದೆ. ಅದರಲ್ಲಿ ಓಟವಿಲ್ಲ, ಹೊಡೆದಾಟವಿಲ್ಲ. ಜಪಾನಿನ ಅನಿಮೆ ಶೈಲಿಯಲ್ಲಿ ಚಿತ್ರಿಸಿದ, ದೊಡ್ಡ ಕಣ್ಣುಗಳ ಹುಡುಗಿಯೊಬ್ಬಳು ಶಾಲೆಯ ಸಮವಸ್ತ್ರದಲ್ಲಿ ಪರದೆಯ ಮೇಲೆ ನಿಂತಿರುತ್ತಾಳೆ. ಅವಳ ಮಾತು ಕೆಳಗೆ ಅಕ್ಷರಗಳಲ್ಲಿ ಮೂಡುತ್ತದೆ. ಬೆರಳು ತಾಗಿಸಿದರೆ ಮುಂದಿನ ವಾಕ್ಯ. ಆಗಾಗ ಕಥೆ ನಿಂತು, ಎರಡು ಮೂರು ಉತ್ತರಗಳನ್ನು ಮುಂದಿಟ್ಟು, ಒಂದನ್ನು ಆರಿಸಿಕೊಳ್ಳಲು ಹೇಳುತ್ತದೆ. ಆರಿಸಿದ ಉತ್ತರಕ್ಕೆ ತಕ್ಕಂತೆ ಅವಳ ಒಲವು ಹೆಚ್ಚುತ್ತದೆ ಇಲ್ಲವೇ ಕುಗ್ಗುತ್ತದೆ. ಕಥೆಯ ಕೊನೆಯೂ ಬದಲಾಗುತ್ತದೆ. ಇದಕ್ಕೆ ವಿಷುಯಲ್ ನಾವೆಲ್, ಅಂದರೆ ದೃಶ್ಯ ಕಾದಂಬರಿ ಎಂದು ಹೆಸರು.

ಜಪಾನಿನಲ್ಲಿ ಇದು ಹೊಸದೇನಲ್ಲ. ಕೊನಾಮಿ ಸಂಸ್ಥೆ 1994ರಲ್ಲಿ ಹೊರತಂದ 'ತೋಕಿಮೇಕಿ ಮೆಮೋರಿಯಲ್' ಈ ಬಗೆಗೆ ಹತ್ತಿರವಾದ ಶಾಲಾಪ್ರೇಮದ ಆಟಗಳಲ್ಲಿ ಬಹು ಪ್ರಸಿದ್ಧವಾದುದು. ಆಟಗಾರನು ಮೂರು ವರ್ಷಗಳ ಶಾಲಾಜೀವನವನ್ನು ಅದರಲ್ಲಿ ಕಳೆಯಬೇಕು. ಓದು, ವ್ಯಾಯಾಮ, ಗೆಳೆತನಗಳಿಗೆ ದಿನಗಳನ್ನು ಹಂಚಬೇಕು. ಎಲ್ಲವೂ ಕೂಡಿಬಂದರೆ ಬೀಳ್ಕೊಡುಗೆಯ ದಿನ ಶಾಲೆಯ ಮರವೊಂದರ ಕೆಳಗೆ ಹುಡುಗಿ ತನ್ನ ಮನಸ್ಸನ್ನು ತಿಳಿಸುತ್ತಾಳೆ. ಮುಖ್ಯ ನಾಯಕಿಯ ಒಲವು ದಕ್ಕಬೇಕಾದರೆ ಓದಿನಲ್ಲಿಯೂ ಮುಂದಿರಬೇಕಂತೆ. ಈ ಒಂದು ನಿಯಮವಾದರೂ ನಮ್ಮ ತಂದೆತಾಯಿಗಳಿಗೆ ಮೆಚ್ಚುಗೆಯಾದೀತು!

ಇಂಥ ಆಟ ಕೆ.ಜಿ.ಎಫ್.-ಬಂಗಾರಪೇಟೆಯ ಕಡೆಯ ಮಕ್ಕಳನ್ನು ಹಿಡಿದು ನಿಲ್ಲಿಸುವುದೇಕೆ ಎಂಬುದನ್ನು ತಿಳಿಯಲು ಆಟಕ್ಕಿಂತ ಮೊದಲು ಮನೆಯನ್ನು ನೋಡಬೇಕು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಊರಿನ ದುಡಿಮೆ ನೆಲದ ಆಳದಿಂದ ಎದ್ದು ರೈಲು ಹತ್ತಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಿಂದ ಹೊರಟು, ಬಂಗಾರಪೇಟೆಯ ಮೂಲಕ, ಅಲ್ಲಿಂದ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ದುಡಿಯಲು ಹೋಗುವವರು ಸಾವಿರಾರು ಮಂದಿ. ಹೊರಡುವಾಗ ಮಕ್ಕಳು ಎದ್ದಿರುವುದಿಲ್ಲ. ಮರಳುವಾಗ ದೊಡ್ಡವರಲ್ಲಿ ಮಾತನಾಡುವ ತ್ರಾಣ ಉಳಿದಿರುವುದಿಲ್ಲ. ಕಾಲೇಜು ಬಿಟ್ಟ ಹೊತ್ತಿನಿಂದ ರಾತ್ರಿಯ ಗಾಡಿ ಬರುವವರೆಗೆ ಮನೆಯಲ್ಲಿರುವುದು ಮಗು ಮತ್ತು ಮೊಬೈಲ್.

ಕೆಲವು ತಿಂಗಳ ಹಿಂದೆ ಒಬ್ಬ ತಂದೆ ಪಿ.ಯು. ಓದುವ ಮಗನನ್ನು ನನ್ನಲ್ಲಿಗೆ ಕರೆತಂದರು. ತಲೆನೋವು, ಕಣ್ಣುರಿ, ಹಸಿವಿಲ್ಲದಿರುವುದು ಹುಡುಗನ ದೂರು. "ಪ್ರೇಮದ ಆಟವಂತೆ ಡಾಕ್ಟ್ರೇ, ಹೇಳೋಕೂ ನಾಚಿಕೆ" ಎಂಬುದು ತಂದೆಯ ದೂರು. ಮಲಗುವುದು ಎಷ್ಟು ಹೊತ್ತಿಗಪ್ಪಾ ಎಂದು ಕೇಳಿದೆ. ಎರಡು ಗಂಟೆ ಎಂದ. ಆ ಕಥೆ ಏನೆಂದು ಕೇಳಿದಾಗ ಮಾತ್ರ ಅವನ ಮುಖ ಅರಳಿತು. ಹತ್ತು ನಿಮಿಷ ನಿಲ್ಲಿಸದೆ ಹೇಳಿದ. ಕೊನೆಗೆ, "ನಾನು ಉತ್ತರ ಕೊಡೋವರೆಗೂ ಅವಳು ಕಾಯ್ತಾಳೆ ಡಾಕ್ಟ್ರೇ" ಎಂದ. ಮಗ ಇಷ್ಟು ಮಾತನಾಡಬಲ್ಲನೆಂಬುದು ತಂದೆಗೆ ಹೊಸ ಸಂಗತಿಯಾಗಿತ್ತು.

ಚರಕಾಚಾರ್ಯರು ರೋಗಕಾರಣಗಳಲ್ಲಿ ಒಂದಾಗಿ ಅಸಾತ್ಮ್ಯೇಂದ್ರಿಯಾರ್ಥ ಸಂಯೋಗವನ್ನು ಹೇಳುತ್ತಾರೆ. ಇಂದ್ರಿಯಕ್ಕೆ ಅದರ ವಿಷಯ ಅತಿಯಾಗಿ ದೊರೆತರೆ ಅತಿಯೋಗ, ದೊರೆಯದಿದ್ದರೆ ಅಯೋಗ, ತಪ್ಪು ಬಗೆಯಲ್ಲಿ ದೊರೆತರೆ ಮಿಥ್ಯಾಯೋಗ. ಈ ಹುಡುಗನ ಕಣ್ಣಿಗೆ ಆಗಿದ್ದುದು ಅತಿಯೋಗ. ಅದು ಯಾರಿಗೂ ಕಾಣುತ್ತದೆ. ಅವನ ಕಿವಿಗೆ ಆಗಿದ್ದುದು ಅಯೋಗ. "ಊಟವಾಯಿತೇ, ಈ ದಿನ ಏನಾಯಿತು" ಎಂದು ಕೇಳುವ ದನಿ ಆ ಮನೆಯ ಸಂಜೆಯಲ್ಲಿರಲಿಲ್ಲ. ಮೊಬೈಲ್ ಕಸಿದುಕೊಂಡರೆ ಅತಿಯೋಗ ನಿಂತೀತು; ಅಯೋಗ ಹಾಗೆಯೇ ಉಳಿಯುತ್ತದೆ. ಆದುದರಿಂದಲೇ ಕಸಿಯುವ ಚಿಕಿತ್ಸೆಯಲ್ಲಿ ನನಗೆ ನಂಬಿಕೆ ಕಡಿಮೆ.

ಆ ವಯಸ್ಸಿನಲ್ಲಿ ಒಲವಿನ ಕುತೂಹಲ ಹುಟ್ಟುವುದು ಸಹಜ, ಅದು ರೋಗವಲ್ಲ. ಸಂಕೋಚದ ಮಗುವಿಗೆ ಇಂಥ ಕಥೆ ಮಾತಿನ ತಾಲೀಮೂ ಆಗಬಹುದು. ಆದರೆ ಆಟದಲ್ಲಿ ಒಂದು ಘಟ್ಟವನ್ನು ಉಳಿಸಿಟ್ಟುಕೊಂಡು, ಉತ್ತರ ಕೆಟ್ಟರೆ ಹಿಂದಿರುಗಿ ಬೇರೆ ಉತ್ತರ ಕೊಡುವ ಅನುಕೂಲವಿದೆ. ತರಗತಿಯ ಗೆಳತಿಯೊಡನೆ ಆಡಿದ ಮಾತನ್ನು ಹಾಗೆ ಹಿಂತೆಗೆಯಲಾಗದು. ಈ ಅಂತರವನ್ನು ಮಕ್ಕಳಿಗೆ ಬಿಡಿಸಿ ಹೇಳುವವರು ಬೇಕು.

ನಾನು ಮೊದಲು ಸರಿಪಡಿಸಿದ್ದು ನಿದ್ರೆಯನ್ನು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಯ ನಿದ್ರೆ ಬೇಕು. ರಾತ್ರಿಯ ಜಾಗರಣೆ ದೇಹದಲ್ಲಿ ರೂಕ್ಷತೆಯನ್ನೂ ವಾತವನ್ನೂ ಹೆಚ್ಚಿಸುತ್ತದೆ ಎಂಬುದು ಆಯುರ್ವೇದದ ನಿಲುವು. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ರಾತ್ರಿ ಎಂಟರೊಳಗೆ ಮುದ್ದೆ, ಸೊಪ್ಪಿನ ಸಾರು. ಮಲಗುವ ಮೊದಲು ಅಂಗಾಲಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆ. ಹತ್ತರ ನಂತರ ಮೊಬೈಲ್ ತಂದೆಯದೂ ಸೇರಿ ಅಡುಗೆಮನೆಯ ಕಪಾಟಿನಲ್ಲಿ. ಇಷ್ಟೇ ನನ್ನ ಚೀಟಿ. ಅಶ್ವಗಂಧ, ಬ್ರಾಹ್ಮಿ ಮಾತ್ರೆಗಳನ್ನು ಅಂಗಡಿಯಿಂದ ತಾವೇ ಕೊಂಡು ಮಕ್ಕಳಿಗೆ ನುಂಗಿಸುವವರಿದ್ದಾರೆ, ಅದು ಬೇಡ. ಜೊತೆಗೆ, ಭಾನುವಾರ ಅರ್ಧ ಗಂಟೆ ಮಗನ ಪಕ್ಕದಲ್ಲಿ ಕುಳಿತು ಆ ಕಥೆಯನ್ನು ಓದಿಸಿಕೊಳ್ಳುವಂತೆ ತಂದೆಗೆ ಹೇಳಿದೆ. ಅವರು ಎರಡನೆಯ ಭಾನುವಾರ "ಈ ಉತ್ತರ ಬೇಡ ಕಣೋ, ಹುಡುಗಿ ನೊಂದುಕೊಳ್ತಾಳೆ" ಎಂದರಂತೆ! ತಿಂಗಳು ಕಳೆಯುವಷ್ಟರಲ್ಲಿ ಹುಡುಗನ ತಲೆನೋವು ಬಹುಮಟ್ಟಿಗೆ ಇಳಿದಿತ್ತು.

ಪಕ್ಕದಲ್ಲಿ ಕುಳಿತುಕೊಳ್ಳಲು ಇನ್ನೊಂದು ಕಾರಣವಿದೆ. ಮುದ್ದಾದ ಚಿತ್ರಗಳನ್ನು ಕಂಡು ಎಲ್ಲವೂ ಮಕ್ಕಳಿಗಾಗಿ ಎಂದುಕೊಳ್ಳಬಾರದು. ವಯಸ್ಕರಿಗೆ ಮಾತ್ರ ಮೀಸಲಾದ ದೃಶ್ಯ ಕಾದಂಬರಿಗಳು ಅನೇಕ ಇವೆ. 2017ರಲ್ಲಿ ಬಂದ 'ಡೋಕಿ ಡೋಕಿ ಲಿಟರೇಚರ್ ಕ್ಲಬ್' ಶಾಲೆಯ ಸಾಹಿತ್ಯ ಸಂಘದ ಕಥೆಯಂತೆ ಆರಂಭವಾಗಿ ಆತ್ಮಹತ್ಯೆ, ಭೀತಿಗಳತ್ತ ತಿರುಗುತ್ತದೆ. ಇದು ಮಕ್ಕಳಿಗೆ ತಕ್ಕುದಲ್ಲವೆಂದು ಅದನ್ನು ರಚಿಸಿದವರೇ ಮೊದಲಲ್ಲಿ ಎಚ್ಚರಿಸಿದ್ದಾರೆ.

ಆಟ ಆಡುವ ಮಕ್ಕಳೆಲ್ಲರೂ ರೋಗಿಗಳಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು ಸಾಮಾನ್ಯವಾಗಿ 12 ತಿಂಗಳಾದರೂ ಕಂಡುಬಂದು, ಓದು, ಸಂಬಂಧಗಳು ಕೆಟ್ಟಿದ್ದರೆ ಮಾತ್ರ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಗೇಮಿಂಗ್ ವ್ಯಾಧಿ ಎನ್ನುತ್ತದೆ. ಅಂಥವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಎಂಬ ಪ್ರತ್ಯೇಕ ಚಿಕಿತ್ಸಾಲಯವಿದೆ. ಮಗು ಊಟ ಬಿಟ್ಟರೆ, ಸಾಯುವ ಮಾತನಾಡಿದರೆ, ಆಟದ ನೆಪ ಹೇಳುತ್ತ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಕರೆಗೆ ಶುಲ್ಕವಿಲ್ಲ.