ಬ್ಯಾಕ್ಟೀರಿಯಾದ ದೀಪವೂ ನಮ್ಮೂರ ಕೆರೆಯೂ

ಪೂಜೆಯ ಮನೆಯ ದೀಪದ ಮೇಲೆ ಬಟ್ಟಲೊಂದನ್ನು ಕವುಚಿದರೆ ಕೆಲವೇ ಕ್ಷಣಗಳಲ್ಲಿ ಅದು ನಂದಿಹೋಗುತ್ತದೆ. ಎಣ್ಣೆ ಬತ್ತಿಗಳಿದ್ದರೂ ಆಮ್ಲಜನಕವಿಲ್ಲದೆ ಜ್ವಾಲೆ ನಿಲ್ಲದು. ಕಡಲಿನಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಾಗಳು ಹಚ್ಚುವ ದೀಪಕ್ಕೂ ಇದೇ ನಿಯಮ. ಆದರೆ ಆ ದೀಪದಲ್ಲಿ ಹೊಗೆಯಿಲ್ಲ, ಸುಡುವ ಶಾಖವಿಲ್ಲ.

2020ರಲ್ಲಿ ಉಡುಪಿ ಸಮೀಪದ ಮಟ್ಟು ಕಡಲತೀರದ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದುದು ಹಲವರಿಗೆ ನೆನಪಿರಬಹುದು. ಅದು ನಾಕ್ಟಿಲೂಕಾ ಎಂಬ ಬೇರೊಂದು ಏಕಕೋಶ ಜೀವಿಯ ಬೆಳಕು. ಅಲೆಯ ಪೆಟ್ಟಿಗೆ ಮಾತ್ರ ಮಿಂಚುತ್ತದೆ. ಬ್ಯಾಕ್ಟೀರಿಯಾದ ಬೆಳಕಾದರೋ ಎಡೆಬಿಡದೆ ಬೆಳಗುವಂಥದು.

ಪ್ರತಿಯೊಂದು ಜೀವಕೋಶವೂ ಆಹಾರದಿಂದ ಬಂದ ಎಲೆಕ್ಟ್ರಾನು ಎಂಬ ವಿದ್ಯುತ್ ಕಣಗಳನ್ನು, ಬೆಂಕಿ ಆರಿಸುವಾಗ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವಂತೆ, ಮುಂದಕ್ಕೆ ಸಾಗಿಸುತ್ತದೆ. ಕಟ್ಟಕಡೆಗೆ ಅವನ್ನು ಸ್ವೀಕರಿಸುವುದು ಸಾಮಾನ್ಯವಾಗಿ ಆಮ್ಲಜನಕ. ಪಡೆದುದನ್ನು ಕೂಡಿಟ್ಟರೆ ಉಸಿರೇ ನಿಲ್ಲುತ್ತದೆ; ಶರಣ ಬಂಧುಗಳಿಗೆ ಇಲ್ಲಿ ದಾಸೋಹ ನೆನಪಾದರೆ ಆಶ್ಚರ್ಯವಿಲ್ಲ. ಬೆಳಗುವ ಬ್ಯಾಕ್ಟೀರಿಯಾಗಳಲ್ಲಿ ಈ ಎಲೆಕ್ಟ್ರಾನುಗಳ ಒಂದು ಪಾಲು ಲೂಸಿಫೆರೇಸ್ ಎಂಬ ಕಿಣ್ವದತ್ತ ತಿರುಗುತ್ತದೆ. ಬಿ2 ಜೀವಸತ್ವದಿಂದಾದ ವಸ್ತುವೊಂದು ಅವನ್ನು ಹೊತ್ತು ತರುತ್ತದೆ. ಅಲ್ಲಿ ಆಮ್ಲಜನಕವು ಕೂಡಿದಾಗ ನೀಲಿ-ಹಸಿರು ಬೆಳಕು ಹೊಮ್ಮುತ್ತದೆ.

ಆಮ್ಲಜನಕವೇ ಇಲ್ಲದ ಕೆಸರಿನಲ್ಲಿ? ಅಮೆರಿಕದ ವಿಜ್ಞಾನಿ ಕೆನೆತ್ ನೀಲ್ಸನ್ 1970ರಲ್ಲಿ, ಬೆಳಗುವ ಬ್ಯಾಕ್ಟೀರಿಯಾಗಳು ಒಟ್ಟುಗೂಡಿದ ಮೇಲೆಯೇ ದೀಪ ಹಚ್ಚುತ್ತವೆಂದು ಸಂಗಡಿಗರೊಡನೆ ತೋರಿಸಿದವರು. ಅವರೇ 1988ರಲ್ಲಿ ಚಾರ್ಲ್ಸ್ ಮೈಯರ್ಸ್ ಅವರೊಡನೆ, ನ್ಯೂಯಾರ್ಕ್ ಸೀಮೆಯ ಒನೈಡಾ ಸರೋವರದ ಬ್ಯಾಕ್ಟೀರಿಯಾವೊಂದು ತನ್ನ ಎಲೆಕ್ಟ್ರಾನುಗಳನ್ನು ಮೈಯ ಹೊರಗಿನ ಮ್ಯಾಂಗನೀಸ್ ಖನಿಜಕ್ಕೆ ಕೊಟ್ಟು ಬದುಕುವುದನ್ನು ಪ್ರಕಟಿಸಿದರು. ಶೆವನೆಲ್ಲಾ ಎಂಬ ಅದೇ ಕುಲದಲ್ಲಿ ಬೆಳಗುವ ಬಳಗವೂ ಉಂಟು! ನೀರು ನಿಂತ ಗದ್ದೆಯ ಕೆಮ್ಮಣ್ಣು ಬೂದುಬಣ್ಣಕ್ಕೆ ತಿರುಗುವುದರ ಹಿಂದೆಯೂ ಮಣ್ಣಿನ ಕಬ್ಬಿಣಕ್ಕೆ ಎಲೆಕ್ಟ್ರಾನು ಕೊಡುವ ಸೂಕ್ಷ್ಮಾಣುಗಳಿವೆ.

ಈ ಕೊಡುಕೊಳ್ಳುವಿಕೆಯ ಸಾಲನ್ನು ವಿಷವೊಂದು ಕಡಿದರೆ ದೀಪ ಮಂಕಾಗುತ್ತದೆ. ಇದನ್ನೇ ಆಧರಿಸಿ, ಅಲಿವಿಬ್ರಿಯೊ ಫಿಶೆರಿ ಎಂಬ ಬೆಳಗುವ ಬ್ಯಾಕ್ಟೀರಿಯಾವನ್ನು ನೀರಿಗೆ ಬೆರೆಸಿ, ಅರ್ಧ ಗಂಟೆಯೊಳಗೆ ವಿಷವನ್ನು ಪತ್ತೆಹಚ್ಚುವ ಪರೀಕ್ಷೆ ರೂಢಿಯಲ್ಲಿದೆ.

ಹಗರೆಯ ಸುತ್ತಣ ನಮಗೆ ಇದು ದೂರದ ಮಾತಲ್ಲ. ಆಲೂಗೆಡ್ಡೆಗೆ ಔಷಧ ಹೊಡೆದ ಕ್ಯಾನನ್ನು ಕೆರೆಯಲ್ಲಿಯೇ ತೊಳೆದರೆ ನೀರು ತಿಳಿಯಾಗಿಯೇ ಕಾಣುತ್ತದೆ. ದನಕರುಗಳೂ ಅದನ್ನೇ ಕುಡಿಯುತ್ತವೆ. ಅಂಥ ನೀರಿನಲ್ಲಿ ಈ ಪುಟ್ಟ ದೀಪ ಕುಗ್ಗಬಹುದು. ಆದರೆ ಯಾವ ವಿಷವೆಂಬುದನ್ನು ರಾಸಾಯನಿಕ ಪರೀಕ್ಷೆಯೇ ಹೇಳಬೇಕು. ವಾಂತಿಭೇದಿಯ ರೋಗಾಣುಗಳನ್ನಂತೂ ಇದು ತೋರಿಸಲಾರದು; ಅದಕ್ಕೆ ಬೇರೆಯದೇ ಪರೀಕ್ಷೆ ಬೇಕು.