ಬಚ್ಚಲಿಗೆ ನಾವೇ ಟೈಲ್ ಹಾಕುವುದು: ಮೊದಲು ನೀರಿನ ದಾರಿ ನೋಡಿ

ಕುಂದಾಪುರ, ಬೈಂದೂರು ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಟೈಲ್ಸ್ ಕೆಲಸದವರು ಸಿಗುವುದು ಭಾರೀ ಕಷ್ಟ. ಮಳೆ ಹಿಡಿಯುವ ಮೊದಲು ಎಲ್ಲರ ಮನೆ ಕೆಲಸವೂ ಮುಗಿಯಬೇಕು. ಯಾರನ್ನು ಕೇಳಿದರೂ ಒಂದೇ ಉತ್ತರ: "ಮಳಿ ಕಳಿಲಿ, ಬತ್ತೆ." ನಮ್ಮ ಮನೆಯಲ್ಲಿ ಮಳೆ ಕಳೆಯುವ ತನಕ ಕಾಯುವ ಹಾಗಿರಲಿಲ್ಲ. ಅಮ್ಮಮ್ಮನಿಗೆ 76 ವರ್ಷ. ಬಚ್ಚಲಿನ ಹಳೇ ಸಿಮೆಂಟ್ ನೆಲ ಸವೆದು, ಪಾಚಿ ಕಟ್ಟಿ, ಕಾಲಿಟ್ಟರೆ ಜಾರುತ್ತಿತ್ತು. "ಹಿಡ್ಕಂಬುಕ್ ಎಂತದೂ ಇಲ್ಲ ಮಗಾ" ಅಂತ ಅವರು ದಿನಾ ಹೇಳುತ್ತಿದ್ದರು. ಹಾಗಾಗಿ ರಜೆಯಲ್ಲಿ ಅಪ್ಪ ಮತ್ತು ನಾನು ಸೇರಿ ಆ ಕೆಲಸ ಮಾಡಿದೆವು.

ಒಂದು ಲೆಕ್ಕ ಮೊದಲೇ ಹೇಳಿಬಿಡ್ತೇನೆ. ಕೆಲಸ ಮುಗಿಯಲು ಒಟ್ಟು 23 ದಿನ ಹಿಡಿಯಿತು. ಅದರಲ್ಲಿ ಟೈಲ್ ಅಂಟಿಸಿದ್ದು ಬರೀ 4 ದಿನ. ಯೂಟ್ಯೂಬಿನ ಹೆಚ್ಚಿನ ವಿಡಿಯೋಗಳು ಆ 4 ದಿನವನ್ನು ಮಾತ್ರ ತೋರಿಸುತ್ತವೆ. ಬಚ್ಚಲು ಉಳಿಯುವುದು, ಹಾಳಾಗುವುದು ಎಲ್ಲ ತೀರ್ಮಾನ ಆಗುವುದು ಬಾಕಿ 19 ದಿನದಲ್ಲಿ. ಈ ಲೇಖನ ಹೆಚ್ಚಾಗಿ ಅದರ ಬಗ್ಗೆ.

ಟೈಲ್ ನೀರನ್ನು ತಡೆಯುತ್ತದಾ?

ನಮ್ಮೂರಿನ ಹಳೇ ಮನೆಗಳ ಮಾಡು ನೋಡಿ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆ ಮೇಲೆ ಕರಾವಳಿ ಪೂರ್ತಿ ಮಂಗಳೂರು ಹಂಚು ಹಬ್ಬಿತು. ಅದು ಸುಟ್ಟ ಮಣ್ಣು, ನೀರನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಹಂಚು ಹಂಚಿನ ನಡುವೆ ಸಂದೂ ಇರುತ್ತದೆ. ಆದರೂ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಊರಲ್ಲಿ ಆ ಮಾಡು ಸೋರುವುದಿಲ್ಲ. ಯಾಕೆ? ಇಳಿಜಾರು ಇದೆ, ಒಂದರ ಮೇಲೊಂದು ಹಂಚು ಕೂತಿದೆ. ನೀರಿಗೆ ನಿಲ್ಲಲು ಪುರುಸೊತ್ತೇ ಸಿಗುವುದಿಲ್ಲ.

ಬಚ್ಚಲಿನ ನೆಲಕ್ಕೂ ಇದೇ ಲೆಕ್ಕ. ಟೈಲ್ ಒಳಗಿನಿಂದ ನೀರು ಹೋಗುವುದು ಕಡಿಮೆ, ಆದರೆ ಟೈಲುಗಳ ನಡುವಿನ ಗ್ರೌಟ್ ಸಿಮೆಂಟಿನದ್ದಾದರೆ ನಿಧಾನಕ್ಕೆ ನೀರು ಹೀರುತ್ತದೆ. ಹಾಗಾಗಿ ನೀರನ್ನು ಹಿಡಿದು ನಿಲ್ಲಿಸುವ ಕೆಲಸ ಇಬ್ಬರದ್ದು: ಒಂದು ಇಳಿಜಾರು (ಮೇಸ್ತ್ರಿಗಳ ಮಾತಲ್ಲಿ ವಾಟ), ಇನ್ನೊಂದು ಟೈಲ್ ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಟೈಲ್ ಇವೆರಡರ ಮೇಲಿನ ಅಂಗಿ ಅಷ್ಟೇ.

ಬ್ರಹ್ಮಾವರದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಬಚ್ಚಲಿನ ಆಚೆ ಬದಿಯ ಕೋಣೆಯ ಗೋಡೆ ಒದ್ದೆಯಾಗಿ ಬಣ್ಣ ಏಳುತ್ತಿತ್ತು. ಎರಡು ಸಲ ಗ್ರೌಟ್ ಕೆರೆದು ಹೊಸತು ತುಂಬಿಸಿದರು. ಎರಡೂ ಸಲ ಮಳೆಗಾಲ ಮುಗಿಯುವುದರೊಳಗೆ ಕಲೆ ವಾಪಸ್ ಬಂತು. ಕೊನೆಗೆ ಟೈಲ್ ಎಬ್ಬಿಸಿ ನೋಡಿದರೆ ಕೆಳಗೆ ವಾಟರ್‌ಪ್ರೂಫಿಂಗ್ ಅನ್ನುವುದೇ ಇರಲಿಲ್ಲ. ಮುರಕಲ್ಲಿನ ಗೋಡೆ ತೂತು ತೂತಿನ ಕಲ್ಲು ಅಲ್ವಾ, ಬತ್ತಿ ಎಣ್ಣೆ ಎಳೆದ ಹಾಗೆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಫಿಸಿಕ್ಸಲ್ಲಿ ಕ್ಯಾಪಿಲರಿ ಅಂತ ಓದಿ ಮರೆತದ್ದು ಇದೇ.

ಕೆಳಗಿನ ಕೆಲಸ

ಹಳೇ ನೆಲ ಒಡೆದ ಮೇಲೆ ಗೋಡೆಯ ಗಾರೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ. "ಟಕ್ ಟಕ್" ಅಂದರೆ ಗಟ್ಟಿ. "ಡಬ್ ಡಬ್" ಅಂದರೆ ಕಲ್ಲು ಬಿಟ್ಟು ನಿಂತಿದೆ, ಅಷ್ಟೂ ಕೆರೆದು ತೆಗೆಯಬೇಕು. ಬಿಟ್ಟ ಗಾರೆಯ ಮೇಲೆ ಎಷ್ಟು ಒಳ್ಳೆ ಟೈಲ್ ಅಂಟಿಸಿದರೂ ಗಾರೆ ಸಮೇತ ಉದುರುತ್ತದೆ. ಹೊಸ ಗಾರೆಗೆ ಅಳಿವೆ ಬದಿಯ ಹೊಯ್ಗೆ ಬೇಡ. ಅದರ ಉಪ್ಪು ಮುಂದೆ ಬಿಳಿ ಪುಡಿಯಾಗಿ ಹೊರಗೆ ಬರುತ್ತದೆ.

ಗೋಡೆ ನೆಟ್ಟಗಿದೆಯಾ ಅಂತ ತೂಗುಗುಂಡಿನಿಂದ, ಮಟ್ಟ ಇದೆಯಾ ಅಂತ ರಸಮಟ್ಟದಿಂದ ನೋಡಿ. ಮೂಲೆ 90 ಡಿಗ್ರಿ ಇದೆಯಾ ತಿಳಿಯಲು ಒಂದು ಬದಿ 3 ಅಡಿ, ಇನ್ನೊಂದು ಬದಿ 4 ಅಡಿ ಗುರುತು ಮಾಡಿ. ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿ. ಶಾಲೆಗೆ ಹೋಗದ ಮೇಸ್ತ್ರಿಗಳೂ ಪೈಥಾಗೋರಸನನ್ನು ದಿನಾ ಬಳಸುತ್ತಾರೆ. ನಾವು ಪರೀಕ್ಷೆಗೆ ಮಾತ್ರ!

ಆಮೇಲೆ ವಾಟ. 6 ಅಡಿಗೆ ಸುಮಾರು 1 ಇಂಚು ಇಳಿಯುವ ಹಾಗೆ ನಹನಿ ಟ್ರ್ಯಾಪ್ ಕಡೆಗೆ ನೆಲ ಮಾಡಬೇಕು. ಇದನ್ನು ಟೈಲ್ ಹಾಕುವಾಗ ಅಡೆಸಿವ್ ದಪ್ಪ ಮಾಡಿ ಸರಿ ಮಾಡ್ತೇನೆ ಅಂದರೆ ಆಗುವುದಿಲ್ಲ. ಕೆಳಗಿನ ಸಿಮೆಂಟ್ ಪದರದಲ್ಲೇ ಕೊಡಬೇಕು. ಒಂದು ಚೆಂಬು ನೀರು ಚೆಲ್ಲಿ ನೋಡಿ, ಎಲ್ಲೂ ಗುಂಡಿ ಕಟ್ಟಿ ನಿಲ್ಲಬಾರದು. ನಂತರ 7 ದಿನ ನೀರು ಹಾಕಿ ಕ್ಯೂರಿಂಗ್. ಈ 7 ದಿನ ಏನೂ ಕೆಲಸ ನಡೆಯದ ಹಾಗೆ ಕಾಣುತ್ತದೆ, ಮನೆಯವರು "ಎಂತ, ನಿಲ್ಸಿದ್ರಿಯಾ?" ಅಂತ ಕೇಳುತ್ತಾರೆ. ಸಿಮೆಂಟ್ ಒಣಗಿ ಗಟ್ಟಿಯಾಗುವುದಲ್ಲ, ನೀರಿನ ಜೊತೆ ಸೇರಿ ಗಟ್ಟಿಯಾಗುವುದು ಅಂತ ಅವರಿಗೆ ಹೇಳಿ.

ಕ್ಯೂರಿಂಗ್ ಆಗಿ ನೆಲ ಒಣಗಿದ ಮೇಲೆ ಪಾಲಿಮರ್ ಬೆರೆತ ಸಿಮೆಂಟ್ ವಾಟರ್‌ಪ್ರೂಫಿಂಗ್ ಕೋಟಿಂಗ್. ಎರಡು ಕೋಟು, ಎರಡನೆಯದು ಮೊದಲಿನದಕ್ಕೆ ಅಡ್ಡಲಾಗಿ. ನೆಲ ಪೂರ್ತಿ, ಗೋಡೆಗೆ ಕನಿಷ್ಠ 1 ಅಡಿ, ಶವರ್ ನೀರು ಬೀಳುವ ಗೋಡೆಗೆ 6 ಅಡಿ. ನೆಲ ಮತ್ತು ಗೋಡೆ ಸೇರುವ ಮೂಲೆ, ಪೈಪ್ ಸುತ್ತ, ಟ್ರ್ಯಾಪ್ ಸುತ್ತ ಫೈಬರ್ ಜಾಲರಿ ಇಟ್ಟು ಬಳಿಯಬೇಕು. ಬಿರುಕು ಮೊದಲು ಬರುವುದೇ ಅಲ್ಲಿ.

ಕೋಟಿಂಗ್ ಪೂರ್ತಿ ಒಣಗಿದ ಮೇಲೆ ಪರೀಕ್ಷೆ. ಟ್ರ್ಯಾಪಿಗೆ ಬಟ್ಟೆ, ಪ್ಲಾಸ್ಟಿಕ್ ಬಿಗಿದು, ಬಾಗಿಲಿನ ಹತ್ತಿರ ಚಿಕ್ಕ ಕಟ್ಟೆ ಕಟ್ಟಿ, 2 ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಗೋಡೆಯಲ್ಲಿ ಪೆನ್ಸಿಲ್ ಗುರುತು ಹಾಕಿ. ಪಕ್ಕದಲ್ಲೇ ಒಂದು ಬಕೆಟಿನಲ್ಲಿ ನೀರಿಟ್ಟು ಅದಕ್ಕೂ ಗುರುತು ಹಾಕಿ. ಬಕೆಟಿನಲ್ಲಿ ಇಳಿದಷ್ಟೇ ನೆಲದಲ್ಲೂ ಇಳಿದಿದ್ದರೆ ಅದು ಆವಿ. ನೆಲದ್ದು ಜಾಸ್ತಿ ಇಳಿದಿದ್ದರೆ ಸೋರಿಕೆ. ಲ್ಯಾಬಿನಲ್ಲಿ ಕಂಟ್ರೋಲ್ ಅಂತೇವಲ್ಲ, ಅದೇ. ಈ ಪರೀಕ್ಷೆ ಪಾಸಾಗದೆ ಒಂದೇ ಒಂದು ಟೈಲ್ ಅಂಟಿಸಬೇಡಿ.

ಟೈಲ್ ಆರಿಸುವುದು

ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಟೈಲಿನ ಹಿಂಬದಿ ನೋಡಿ. ಗೋಡೆಯ ಸಾದಾ ಸೆರಾಮಿಕ್ ಟೈಲ್ ತನ್ನ ತೂಕದ 10 ಶೇಕಡಕ್ಕಿಂತ ಜಾಸ್ತಿ ನೀರು ಹೀರುತ್ತದೆ. ವಿಟ್ರಿಫೈಡ್ ಟೈಲ್ 0.5 ಶೇಕಡ ಅಥವಾ ಅದಕ್ಕಿಂತ ಕಡಿಮೆ. ಈ ಒಂದು ಸಂಖ್ಯೆಯಿಂದ ತುಂಬ ವಿಷಯ ಗೊತ್ತಾಗುತ್ತದೆ. ಹಿಂದಿನಿಂದ ಬಂದ ಪದ್ಧತಿಯಲ್ಲಿ ಸೆರಾಮಿಕ್ ಟೈಲನ್ನು ನೀರಲ್ಲಿ ನೆನೆಸಿ ಸಿಮೆಂಟಿನಲ್ಲಿ ಕೂರಿಸುತ್ತಾರೆ. ನೆನೆಸದಿದ್ದರೆ ಟೈಲ್ ಸಿಮೆಂಟಿನ ನೀರನ್ನೇ ಕುಡಿದುಬಿಡುತ್ತದೆ. ವಿಟ್ರಿಫೈಡ್‌ನಲ್ಲಿ ಸಿಮೆಂಟ್ ಹೊಕ್ಕು ಹಿಡಿಯಲು ರಂಧ್ರಗಳೇ ಇಲ್ಲ. ಅದಕ್ಕೆ ಪಾಲಿಮರ್ ಇರುವ ಅಡೆಸಿವ್ ಬೇಕು. ಅಡೆಸಿವ್ ಬಳಸುವಾಗ ಟೈಲ್ ನೆನೆಸಬಾರದು. ಚೀಲದ ಮೇಲೆ ಐಎಸ್ 15477 ಅಂತ ಇದೆಯಾ, ನಿಮ್ಮ ಟೈಲಿಗೆ ಯಾವ ಟೈಪ್ ಅಂತ ಓದಿ ತನ್ನಿ.

ನೆಲಕ್ಕೆ ಹೊಳೆಯುವ ದೊಡ್ಡ ಟೈಲ್ ಬೇಡ. 300×300 ಮಿ.ಮೀ. ಅಥವಾ ಅದಕ್ಕಿಂತ ಸಣ್ಣದು, ಮ್ಯಾಟ್ ಫಿನಿಶ್. ನಾಲ್ಕು ಕಡೆಯಿಂದಲೂ ಟ್ರ್ಯಾಪಿಗೆ ಇಳಿಯುವ ನೆಲದಲ್ಲಿ ದೊಡ್ಡ ಟೈಲ್ ಬಗ್ಗುವುದಿಲ್ಲ, ತುಂಡು ಮಾಡಲೇಬೇಕಾಗುತ್ತದೆ. ಸಣ್ಣ ಟೈಲಿನಲ್ಲಿ ಸಂದು ಜಾಸ್ತಿ, ಕಾಲಿಗೆ ಹಿಡಿತವೂ ಜಾಸ್ತಿ. ನಾವು ಕುಂದಾಪುರದ ಅಂಗಡಿಯಲ್ಲಿ ಸ್ಯಾಂಪಲ್ ಟೈಲನ್ನು ನೆಲಕ್ಕಿಟ್ಟು, ನೀರು ಹಾಕಿ, ಅದರ ಮೇಲೆ ಬರಿಗಾಲು ಉಜ್ಜಿ ನೋಡಿದೆವು. ಅಂಗಡಿಯವರು ನಕ್ಕರು. ನಗಲಿ. ಜಾರುವುದು ಅಮ್ಮಮ್ಮ.

ಎಷ್ಟು ಬೇಕು? ನಮ್ಮದು 6×4 ಅಡಿಯ ಬಚ್ಚಲು, ಟೈಲ್ 7 ಅಡಿ ಎತ್ತರದವರೆಗೆ. ಸುತ್ತಳತೆ 20 ಅಡಿ, ಅಂದರೆ ಗೋಡೆ 140 ಚದರ ಅಡಿ. ಎರಡೂವರೆ ಅಡಿ ಅಗಲದ ಬಾಗಿಲು ಕಳೆದರೆ 122.5. 300×450 ಮಿ.ಮೀ. ಟೈಲ್ ಒಂದಕ್ಕೆ 1.45 ಚದರ ಅಡಿ, ಹಾಗಾಗಿ 85 ಟೈಲ್. ತುಂಡಾಗುವುದಕ್ಕೆ 10 ಶೇಕಡ ಸೇರಿಸಿ 94. ನೆಲಕ್ಕೆ ಹಾಗೇ ಲೆಕ್ಕ ಹಾಕಿದರೆ 28. ಎಲ್ಲ ಬಾಕ್ಸುಗಳ ಬ್ಯಾಚ್ ನಂಬರ್ ಒಂದೇ ಇರಲಿ, ಇಲ್ಲದಿದ್ದರೆ ಬಣ್ಣ ಸ್ವಲ್ಪ ಬೇರೆ ಬರಬಹುದು. ಉಳಿದ ನಾಲ್ಕೈದು ಟೈಲ್ ಅಟ್ಟದಲ್ಲಿಡಿ, ಮುಂದೆ ರಿಪೇರಿಗೆ ಬೇಕಾಗುತ್ತದೆ.

ಅಂಟಿಸುವ 4 ದಿನ

ಮೊದಲು ಕಾಗದದಲ್ಲಿ ಲೆಕ್ಕ. 4 ಅಡಿ ಗೋಡೆ ಅಂದರೆ 1219 ಮಿ.ಮೀ. ಒಂದು ಮೂಲೆಯಿಂದ ಶುರು ಮಾಡಿ 300ರ ನಾಲ್ಕು ಟೈಲ್, ನಡುವೆ 2 ಮಿ.ಮೀ. ಸಂದು ಇಟ್ಟರೆ ಕೊನೆಗೆ 11 ಮಿ.ಮೀ. ಉಳಿಯುತ್ತದೆ. 11 ಮಿ.ಮೀ. ಅಗಲದ ಪಟ್ಟಿ ಕತ್ತರಿಸಲು ಹೋದರೆ ಪುಡಿಯೇ ಗತಿ. ಅದರ ಬದಲು ಮಧ್ಯದಲ್ಲಿ ಮೂರು ಪೂರ್ತಿ ಟೈಲ್ ಇಡಿ, ಎರಡೂ ಬದಿಗೆ ತಲಾ 155 ಮಿ.ಮೀ. ತುಂಡು ಬರುತ್ತದೆ. ಕತ್ತರಿಸಲೂ ಸುಲಭ, ನೋಡಲೂ ಚಂದ.

ಗೋಡೆಯಲ್ಲಿ ಕೆಳಗಿನ ಸಾಲು ಬಿಟ್ಟು ಎರಡನೇ ಸಾಲಿನಿಂದ ಶುರು ಮಾಡಿ. ನೆಲ ಇಳಿಜಾರಿದೆ, ಅದನ್ನು ನಂಬಿ ಹೋದರೆ ಸಾಲು ಓರೆಯಾಗುತ್ತದೆ. ರಸಮಟ್ಟ ಹಿಡಿದು ಒಂದು ನೇರ ರೀಪನ್ನು ಗೋಡೆಗೆ ಹೊಡೆದು, ಅದರ ಮೇಲೆ ಟೈಲ್ ಕೂರಿಸಿ. ಆ ಮೊಳೆಗಳು ಗೋಡೆಯ ಕೋಟಿಂಗ್ ಇಲ್ಲದ ಜಾಗದಲ್ಲೇ ಬರಲಿ. ನೆಲದ ಟೈಲ್ ಆದ ಮೇಲೆ ಕೆಳಗಿನ ಸಾಲು ಅಳತೆಗೆ ಕತ್ತರಿಸಿ ಹಾಕಿದರೆ ಗೋಡೆಯ ನೀರು ನೆಲದ ಟೈಲಿನ ಮೇಲೆಯೇ ಇಳಿಯುತ್ತದೆ. ಮತ್ತೆ ಅದೇ ಹಂಚಿನ ಲೆಕ್ಕ.

ಅಡೆಸಿವ್ ಕಲಸಿ 5 ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಿ. ಹಲ್ಲಿನ ಕರಣಿಯಲ್ಲಿ ಒಂದೇ ದಿಕ್ಕಿಗೆ ಗೆರೆ ಎಳೆಯಿರಿ, ಸುತ್ತ ಸುತ್ತ ಬೇಡ. ಗೆರೆ ನೇರ ಇದ್ದರೆ ಒತ್ತಿದಾಗ ಗಾಳಿ ಹೊರಗೆ ಹೋಗುತ್ತದೆ. ಒಂದು ಸಲಕ್ಕೆ ಮೂರ್ನಾಲ್ಕು ಟೈಲಿಗಾಗುವಷ್ಟೇ ಬಳಿಯಿರಿ. ಬೆರಳಿಟ್ಟು ನೋಡಿ ಅಂಟದಿದ್ದರೆ ಕೆರೆದು ಬಿಸಾಡಿ, ನೀರು ಬೆರೆಸಿ ಮತ್ತೆ ಬಳಸಬೇಡಿ. ನಡುನಡುವೆ ಒಂದು ಟೈಲ್ ಎಬ್ಬಿಸಿ ಹಿಂಬದಿ ನೋಡಿ, ಪೂರ್ತಿ ಮೆತ್ತಿಕೊಂಡಿರಬೇಕು. ಗಟ್ಟಿಯಾದ ಮೇಲೆ ನಾಣ್ಯದಿಂದ ತಟ್ಟಿದರೆ ಪೊಳ್ಳು ಎಲ್ಲಿದೆ ಅಂತ ಸದ್ದೇ ಹೇಳುತ್ತದೆ. ಗ್ರೌಟ್ 24 ಗಂಟೆಯ ನಂತರ. ನೆಲಕ್ಕೆ ಎಪಾಕ್ಸಿ ಗ್ರೌಟ್ ಒಳ್ಳೆಯದು. ರೇಟು ಜಾಸ್ತಿ, ಆದರೆ ನೀರು ಹೀರುವುದಿಲ್ಲ.

ಕತ್ತರಿಸುವಾಗ ಗ್ರೈಂಡರ್ ಬಗ್ಗೆ ಜಾಗ್ರತೆ. ಟೈಲ್ ಧೂಳಿನಲ್ಲಿ ಸಿಲಿಕಾ ಇದೆ, ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಅಂಗಳದಲ್ಲಿ ಕತ್ತರಿಸಿ, ಒಳ್ಳೆ ಮಾಸ್ಕ್, ಕನ್ನಡಕ ಹಾಕಿ. ನೇರ ತುಂಡಿಗೆ ಗೀರಿ ಮುರಿಯುವ ಕೈ ಕಟರ್ ಸಾಕು, ಧೂಳೂ ಇಲ್ಲ, ಕರೆಂಟಿನ ಹೆದರಿಕೆಯೂ ಇಲ್ಲ. ಸಿಮೆಂಟ್ ಚರ್ಮ ಸುಡುತ್ತದೆ, ಗ್ಲೌಸ್ ಬೇಕೇ ಬೇಕು.

ಯಾವುದನ್ನು ನಾವು ಮಾಡಬಾರದು

ಎಲ್ಲವನ್ನೂ ನಾವೇ ಮಾಡಬೇಕು ಅಂತ ಹಟ ಬೇಡ. ಗೋಡೆಯೊಳಗಿನ ಪೈಪ್ ಕೆಲಸ ಪ್ಲಂಬರಿಗೆ ಬಿಡಿ, ಟೈಲ್ ಹಾಕುವ ಮೊದಲೇ ಪ್ರೆಶರ್ ಟೆಸ್ಟ್ ಮಾಡಿಸಿ. ಗೀಸರ್ ವಯರಿಂಗ್ ಎಲೆಕ್ಟ್ರಿಷಿಯನ್ನಿಗೆ. ಮಹಡಿ ಮೇಲಿನ ಬಚ್ಚಲು ಮೊದಲ ಪ್ರಯತ್ನಕ್ಕೆ ಬೇಡವೇ ಬೇಡ. ಅಲ್ಲಿ ಸೋರಿದರೆ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ವಾಟ ಕೊಡುವ ದಿನ ಅನುಭವ ಇರುವ ಮೇಸ್ತ್ರಿಯೊಬ್ಬರನ್ನು ಅರ್ಧ ದಿನಕ್ಕಾದರೂ ಕರೆಸಿ. ತಿಂಗಳುಗಟ್ಟಲೆ ಸಿಗದವರು ಅರ್ಧ ದಿನಕ್ಕೆ ಹೆಚ್ಚಾಗಿ ಸಿಗುತ್ತಾರೆ. ನಮಗೆ ಸಿಕ್ಕಿದವರು ರಸಮಟ್ಟ ಇಡುವ ಮೊದಲೇ ಕಣ್ಣಲ್ಲಿ ನೋಡಿ "ಈ ಮೂಲಿ ಎತ್ರ ಇತ್ತ್" ಅಂದರು. ಇಟ್ಟು ನೋಡಿದರೆ ನಿಜ. ಆ ಕಣ್ಣು ನಮಗೆ ಬರಲು ವರ್ಷಗಳು ಬೇಕು, ಅದರ ಸಂಬಳ ಚೌಕಾಸಿ ಮಾಡದೆ ಕೊಡಿ.

ಮನೆಯಲ್ಲಿ ವಯಸ್ಸಾದವರಿದ್ದರೆ ಇನ್ನೊಂದು ಮಾತು. ಹಿಡಿಯುವ ಸ್ಟೀಲ್ ರಾಡ್ ಎಲ್ಲಿ ಬರಬೇಕು ಅಂತ ಟೈಲ್ ಹಾಕುವ ಮೊದಲೇ ಅವರನ್ನೇ ನಿಲ್ಲಿಸಿ, ಕೈ ಎಲ್ಲಿಗೆ ಹೋಗುತ್ತದೆ ನೋಡಿ ಗುರುತು ಮಾಡಿ. ಮುರಕಲ್ಲು ಮೆತ್ತಗೆ, ಅದರಲ್ಲಿ ಸಾದಾ ಸ್ಕ್ರೂ ನಿಲ್ಲುವುದಿಲ್ಲ. ಆ ಜಾಗದ ಕಲ್ಲು ಕೆತ್ತಿ ಕಾಂಕ್ರೀಟ್ ತುಂಬಿಸಿ, ಅದಕ್ಕೇ ಬೋಲ್ಟ್ ಹಾಕಿ. ತೂತಿನೊಳಗೆ ನೀರು ಹೋಗದ ಹಾಗೆ ಸಿಲಿಕೋನ್ ಸೀಲಂಟ್ ತುಂಬಿಸಿ. ಬಿಗಿದ ಮೇಲೆ ನಿಮ್ಮ ಪೂರ್ತಿ ಭಾರ ಹಾಕಿ ಎಳೆದು ನೋಡಿ. ಅದು ಅಲುಗಾಡದಿದ್ದರೆ ಮಾತ್ರ ಬಚ್ಚಲು ಬಳಸಲು ಬಿಡಿ.